ಹೆಸರಿನ ಮೇಲೊಂದು ಟೇಪು

ಫೆಬ್ರವರಿ 10

ಯಾರಿಗೂ ಹೇಳಬಾರದು ಎಂದಿದ್ದಾರೆ. ಬರೆಯಬಾರದು ಎಂದು ಹೇಳಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಇದು ನಮ್ಮ ಮನೆಯವರ ಅಂಗಡಿಗೆ ಟೈಲ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ಪ್ರತಿ ಪುಟದ ಕೆಳಗೂ ಒಂದೊಂದು ಬಚ್ಚಲುಮನೆಯ ಚಿತ್ರವಿದೆ. ಇರಲಿ.

ಸಂಜೆ ಐದಕ್ಕೆ ಬೆಲ್ ಆಯಿತು. ಮಗಳು ಅಕ್ಷಯಾ ಮತ್ತೆ ಏನೋ ಆರ್ಡರ್ ಮಾಡಿದ್ದಾಳೆ ಎಂದು ಗೊಣಗುತ್ತ ಬಾಗಿಲು ತೆಗೆದೆ. ಯೂನಿಫಾರ್ಮಿನಲ್ಲಿ ಇಬ್ಬರು ನಿಂತಿದ್ದರು. ಒಬ್ಬರು ಹೆಂಗಸು, ಮೇಜರ್ ರೊಮೇರೊ ಅಂತೆ. ಇನ್ನೊಬ್ಬರು ಪಾದ್ರಿ. ಮಿಲಿಟರಿಯವರು ಸಾವಿನ ಸುದ್ದಿ ತರುವಾಗ ಜೊತೆಗೆ ಪಾದ್ರಿ ಬರುತ್ತಾರೆಂದು ಕೇಳಿದ್ದೆ. ನಾನು ಹೊಸ್ತಿಲಲ್ಲೇ ಕುಳಿತುಬಿಟ್ಟೆ. ಮೇಜರ್ ಕೂಡ ನನ್ನ ಎದುರು ಮಂಡಿಯೂರಿ ಕುಳಿತು, ಬದುಕಿದ್ದಾನೆ ಎಂದು ಎರಡು ಸಲ ಹೇಳಿದರು.

ನಿನ್ನೆ ನನ್ನ ಮಗ ಅಕ್ಷತ್ ಹಾರಿಸುತ್ತಿದ್ದ ಯುದ್ಧವಿಮಾನಕ್ಕೆ ಏಟು ಬಿದ್ದಿದೆ. ದಿನಾ ಟಿವಿಯಲ್ಲಿ ಬರುವ ಆ ಯುದ್ಧ. ದೇಶದ ಹೆಸರನ್ನು ಇಲ್ಲಿ ಕೂಡ ಬರೆಯುವುದಿಲ್ಲ. ಅವನು ಪ್ಯಾರಾಚೂಟಿನಲ್ಲಿ ಇಳಿದಿದ್ದಾನೆ. ಇಳಿದದ್ದು ಶತ್ರುಗಳ ನೆಲದ ಒಳಗೆ. ಒಂದೇ ಒಂದು ಸಲ ರೇಡಿಯೊದಲ್ಲಿ ಮಾತಾಡಿದ್ದಾನೆ. ಎಡಗಾಲಿಗೆ ಪೆಟ್ಟಾಗಿದೆಯಂತೆ, ಆದರೂ ನಡೆಯುತ್ತಿದ್ದಾನಂತೆ. ಅಡಗಿಕೊಂಡು, ಸಿಕ್ಕಿಬೀಳದೆ, ಸೈನ್ಯದವರು ಹೇಳಿದ ಜಾಗಕ್ಕೆ ಬರಬೇಕು. ಆಗ ಅವರು ಹೋಗಿ ಎತ್ತಿಕೊಂಡು ಬರುತ್ತಾರೆ. ಎಷ್ಟು ದಿನ ಎಂದು ಕೇಳಿದೆ. ಗೊತ್ತಿಲ್ಲ ಎಂದರು.

ವಿಮಾನ ಬಿದ್ದದ್ದು ಆ ಕಡೆಯವರಿಗೆ ಗೊತ್ತು. ಒಳಗಿದ್ದವನು ಬದುಕಿದ್ದಾನೋ ಸತ್ತನೋ ಎಂದು ಗೊತ್ತಿಲ್ಲ. ಹೆಸರೂ ಗೊತ್ತಿಲ್ಲ. ಅದೇ ಅವನ ರಕ್ಷೆ ಎಂದರು ಮೇಜರ್. ಬದುಕಿದ್ದಾನೆ, ಕಾಲು ಕುಂಟುತ್ತಿದೆ ಎಂದು ತಿಳಿದರೆ ಊರೂರು ಜಾಲಾಡುತ್ತಾರೆ. ಫೇಸ್‌ಬುಕ್, ವಾಟ್ಸಾಪ್, ನೆಂಟರು, ಸ್ನೇಹಿತರು ಯಾರಿಗೂ ಒಂದಕ್ಷರ ಹೇಳಬಾರದು. ನಮ್ಮ ಭಾಷೆ ಅಲ್ಲಿ ಯಾರಿಗೂ ಬರುವುದಿಲ್ಲವಲ್ಲ ಎಂದು ಇವರು ಅಂದರು. ಅನುವಾದಿಸುವುದು ಯಂತ್ರಕ್ಕೆ ಒಂದು ನಿಮಿಷದ ಕೆಲಸ ಎಂದರು ಮೇಜರ್.

ಅವನಿಗೆ ಊಟ ಏನು ಎಂದು ಕೇಳಿದೆ. ತರಬೇತಿ ಆಗಿದೆ ಎಂದರು. ಸಾರಿನಲ್ಲಿ ಕರಿಬೇವು ಕಂಡರೆ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಡುವವನು ಅವನು. ಯಾವ ತರಬೇತಿಯೋ.

ಫೆಬ್ರವರಿ 11

ಬೆಳಿಗ್ಗೆ ಎದ್ದು ಅಡುಗೆಮನೆಯ ಗಡಿಯಾರವನ್ನು ಅವನಿರುವ ಕಡೆಯ ಹೊತ್ತಿಗೆ ತಿರುಗಿಸಿದೆ. ಇವರು ಅದನ್ನು ನೋಡಿ ಅಂಗಡಿಗೆ ಹೊರಡಲೇ ಇಲ್ಲ. ನನಗೂ ನಾನು ಕೆಲಸ ಮಾಡುವ ಹಲ್ಲು ಡಾಕ್ಟರ ಕ್ಲಿನಿಕ್ಕಿಗೆ ರಜೆ ಹೇಳುವುದು ಮರೆತುಹೋಯಿತು. ಅವರೇ ಫೋನ್ ಮಾಡಿದರು. ಹೊಟ್ಟೆ ಸರಿಯಿಲ್ಲ ಎಂದೆ. ಸುಳ್ಳು ಬೆಣ್ಣೆಯ ಹಾಗೆ ಜಾರಿತು.

ಜಾರದೇ ಏನು, ಆರು ವರ್ಷದ ಅಭ್ಯಾಸ. ಅಕ್ಷತ್ ಈ ದೇಶದ ಮಿಲಿಟರಿಗೆ, ಮರೀನ್ಸ್ ಪಡೆಗೆ, ಸೇರಿದಾಗಿನಿಂದ ಇಲ್ಲಿನ ನಮ್ಮವರಲ್ಲಿ ಒಬ್ಬರಿಗೂ ನಾನು ನಿಜ ಹೇಳಿಲ್ಲ. ಮಗ ಎಲ್ಲಿ ಎಂದರೆ ಸ್ಯಾನ್ ಡಿಯಾಗೋ. ಏನು ಕೆಲಸ ಎಂದರೆ ವಿಮಾನದ ಕಂಪನಿ. ಇಲ್ಲಿ ಎಲ್ಲರ ಮಕ್ಕಳೂ ಡಾಕ್ಟರು, ಇಲ್ಲವೇ ಕಂಪ್ಯೂಟರಿನವರು. ಓದಿನಲ್ಲಿ ಹಿಂದೆ ಬಿದ್ದವರು ಮಿಲಿಟರಿಗೆ ಹೋಗುತ್ತಾರೆ ಎಂದು ರಾಜಲಕ್ಷ್ಮಿ ಒಮ್ಮೆ ಯಾರದೋ ಮಗನ ಬಗ್ಗೆ ಹೇಳಿದ್ದನ್ನು ನಾನು ಈ ಕಿವಿಯಲ್ಲೇ ಕೇಳಿದ್ದೇನೆ. ರಾಜಲಕ್ಷ್ಮಿ ಎಂದರೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನ ಮಹಾರಾಣಿ. ಗಂಡ ವೆಂಕಟಾಚಲ ಅವರು ಟೆಲಿಕಾಂ ಇಂಜಿನಿಯರಾಗಿ ನಿವೃತ್ತಿಯಾಗಿ ದೇವಸ್ಥಾನ ಕಟ್ಟಿಸಿದರು. ಈಕೆ ಸುದ್ದಿ ಹಂಚುವುದನ್ನು ನೋಡಿಕೊಳ್ಳುತ್ತಾಳೆ. ಅವಳ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಸ್ಯಾನ್ ಡಿಯಾಗೋ ಮುಟ್ಟುತ್ತದೆ.

ಎರಡು ವರ್ಷದ ಹಿಂದೆ ಪೋರ್ಟರ್ ರ್ಯಾಂಚಿನಲ್ಲಿ ಅವರ ಹೊಸ ಮನೆಯ ಗೃಹಪ್ರವೇಶ. ಅಕ್ಷತ್ ಬೇಸ್‌ನಲ್ಲಿ ಏನೋ ಸಮಾರಂಭ ಮುಗಿಸಿ, ಯೂನಿಫಾರ್ಮಿನಲ್ಲೇ ಮೂರು ಗಂಟೆ ಡ್ರೈವ್ ಮಾಡಿ ನೇರ ಅಲ್ಲಿಗೇ ಬಂದಿದ್ದ. ನಾನು ಬೀದಿಯ ತಿರುವಿನಲ್ಲೇ, ಮರದ ಕೆಳಗೆ, ಅವನ ಕಾರನ್ನು ತಡೆದು ನಿಲ್ಲಿಸಿದೆ. ಬಟ್ಟೆ ಬದಲಿಸು ಎಂದೆ. ಆರಡಿಯ ಹುಡುಗ ಹಿಂದಿನ ಸೀಟಿನಲ್ಲಿ ಬಗ್ಗಿಕೊಂಡು ಅಂಗಿ ಬಿಚ್ಚಿದ. "ಅಮ್ಮ, ನಾನು ಎಂತ ಕದ್ದು ಬಂದಿದ್ದೇನಾ?" ಎಂದು ಕೇಳಿದ. ಸುಮ್ಮನೆ ಹಾಕಿಕೋ ಎಂದೆ. ಹಾಕಿಕೊಂಡ. ಆಮೇಲೆ ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಯುದ್ಧಕ್ಕೆಂದು ಹಡಗು ಹತ್ತುವಾಗ ಇವರಿಗೆ ಫೋನ್ ಮಾಡಿದ. ನಾನು ಪಕ್ಕದಲ್ಲೇ ಇದ್ದೆ, ಕೊಡಿ ಎನ್ನಲಿಲ್ಲ.

ಈಗ ನನಗೆ ಆಜ್ಞೆಯಾಗಿದೆ: ಯಾರಿಗೂ ಹೇಳಬಾರದು. ಆಜ್ಞೆ ಮಾಡಿದವರಿಗೆ ಗೊತ್ತಿಲ್ಲ, ಅದರಲ್ಲಿ ನಾನು ಮೊದಲೇ ಪಾಸಾದವಳು.

ಫೆಬ್ರವರಿ 12

ಸುದ್ದಿಯಿಲ್ಲ. ಇಂಡಿಯನ್ ಅಂಗಡಿಗೆ ಹೋದದ್ದು ತಪ್ಪಾಯಿತು. ರಾಜಲಕ್ಷ್ಮಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದಳು. ನಾನು ಅಕ್ಕಿ ಮೂಟೆಗಳ ಹಿಂದೆ ಸರಿದು, ಅವಳು ಬಿಲ್ ಮಾಡಿ ಹೋಗುವವರೆಗೆ ಇಡ್ಲಿ ರವೆಯ ಪ್ಯಾಕೆಟಿನ ಹಿಂಬದಿ ಓದುತ್ತ ನಿಂತೆ. ಮುಖ ನೋಡಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ನನ್ನದು.

ಕಾರನ್ನು ಹಿಂದಿನ ಬೀದಿಯಲ್ಲಿ ಬಿಟ್ಟು ನಡೆದು ಬಂದೆ. ಮನೆ ಮುಂದೆ ಕಾರಿದ್ದರೆ ಯಾರಾದರೂ ಬೆಲ್ ಮಾಡುತ್ತಾರೆ. ಮುಂದಿನ ಪರದೆ ಎಳೆದಿದ್ದೇನೆ. ಒಗ್ಗರಣೆ ಹಾಕುತ್ತಿಲ್ಲ, ವಾಸನೆ ಹೋದರೆ ಮನೆಯಲ್ಲಿದ್ದೇವೆಂದು ತಿಳಿಯುತ್ತದೆ. ತಣ್ಣನೆ ಅನ್ನಕ್ಕೆ ಮೊಸರು ಸಾಕು. ಫೋನನ್ನು ಹೆಚ್ಚು ಹೊತ್ತು ಆಫ್ ಮಾಡಿಡುತ್ತೇನೆ, ಮೇಜರ್ ಇವರ ಫೋನಿಗೇ ಮಾಡುವುದು. ಅಕ್ಷಯಾ ಪೊಮೊನಾದ ಕಾಲೇಜಿನಿಂದ ಬಂದವಳು, ಅಮ್ಮ ನೀನ್ಯಾಕೆ ಗೋಡೆಗೆ ಅಂಟಿಕೊಂಡು ನಡೆಯುತ್ತೀಯ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಹಾಗೇನೂ ನಡೆಯುತ್ತಿಲ್ಲ. ಸೊಂಟ ನೋವು.

ಫೆಬ್ರವರಿ 13

ಇವತ್ತು ಮನಸ್ಸು ಹಗುರಾಗಿದೆ.

ಮನುಷ್ಯರಿಗೆ ಹೇಳಬಾರದು ಎಂದರು. ದೇವರಿಗೆ ಹೇಳಬಾರದು ಎಂದು ಹೇಳಲಿಲ್ಲವಲ್ಲ. ಕೆಲಸದ ದಿನ ಮಧ್ಯಾಹ್ನ ಹನ್ನೆರಡಕ್ಕೆ ದೇವಸ್ಥಾನದಲ್ಲಿ ಯಾರೂ ಇರುವುದಿಲ್ಲ. ದೇವಸ್ಥಾನ ಎಂದರೆ ಗೋದಾಮುಗಳ ಸಾಲಿನಲ್ಲಿ ಒಂದು ಗೋದಾಮು. ಒಂದು ಪಕ್ಕದಲ್ಲಿ ಟೈರ್ ಅಂಗಡಿ, ಇನ್ನೊಂದು ಪಕ್ಕದಲ್ಲಿ ಹುಡುಗಿಯರಿಗೆ ಜಿಮ್ನಾಸ್ಟಿಕ್ಸ್ ಕಲಿಸುವವರು. ಅಲ್ಲಿನ ಅರ್ಚಕ ಉದಯಶಂಕರ ಭಟ್ಟರು ನಮ್ಮ ಕಾರ್ಕಳದ ಕಡೆಯವರು. ಅವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ವಿಮಾನ, ಪ್ಯಾರಾಚೂಟು, ಕಾಲು, ರೇಡಿಯೊ. ಯಾರಿಗೂ ಗೊತ್ತಾಗಬಾರದು ಭಟ್ಟರೇ ಎಂದೆ. ಅವರ ಕಣ್ಣು ತುಂಬಿತು. ನನಗೆ ಬಿಡಿ ಎಂದರು.

ನಮಗೆ ಇರುವುದು ಬಳಿ, ತಾಯಿಯ ಕಡೆಯಿಂದ ಬರುವ ಕುಲ, ಗೋತ್ರವಲ್ಲ. ಭಟ್ಟರು ಪ್ರತಿ ಸಲ ಕಾಶ್ಯಪ ಎಂದು ಹಾಕಿ ಮುಂದೆ ಹೋಗುತ್ತಾರೆ. ಅನೂರಾಧಾ ನಕ್ಷತ್ರ, ವೃಶ್ಚಿಕ ರಾಶಿ, ಅಕ್ಷತ್. ಸಂಸ್ಕೃತದ ಸಂಕಲ್ಪ ಮುಗಿಸಿದ ಮೇಲೆ ಊರಿನ ಕ್ರಮದಂತೆ ಕನ್ನಡದಲ್ಲಿ ಪ್ರಾರ್ಥನೆ ಮಾಡಿದರು. ನಮ್ಮ ಕಡೆ ದೇವರಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು, ಅರ್ಧಂಬರ್ಧ ಹೇಳಿ ಆಮೇಲೆ ದೇವರನ್ನು ದೂರುವ ಹಾಗಿಲ್ಲ. "ಯುದ್ಧವಿಮಾನದಿಂದ ಹಾರಿ, ಶತ್ರುಗಳ ನಾಡಿನಲ್ಲಿ, ಪೆಟ್ಟಾದ ಕಾಲಿನಲ್ಲಿ ಅಡಗಿ ನಡೆಯುತ್ತಿರುವ ಈ ಮಗುವನ್ನು ಯಾರ ಕಣ್ಣಿಗೂ ಬೀಳದಂತೆ ತಂದು ತಾಯಿಯ ಮಡಿಲಿಗೆ ಹಾಕಬೇಕು ಸ್ವಾಮೀ" ಎಂದರು. ಗುಟ್ಟಿನ ವಿಷಯವೆಂದು ತುಂಬಾ ಬಗ್ಗಿ, ಎದೆಗೆ ಬಾಯಿ ತಾಗುವಷ್ಟು ಬಗ್ಗಿ, ಪಿಸುಮಾತಿನಲ್ಲಿ ಹೇಳಿದರು. ಅಲ್ಲಿ ನಾನು, ಭಟ್ಟರು, ದೇವರು, ಮತ್ತೆ ಕಂಬದ ಮೇಲೆ ಕಳ್ಳರನ್ನು ನೋಡುವ ಕ್ಯಾಮೆರಾ. ಅಷ್ಟೇ.

ಮನೆಗೆ ಬಂದು ಎರಡು ಗಂಟೆ ನಿದ್ದೆ ಮಾಡಿದೆ.

ಫೆಬ್ರವರಿ 14

ಕ್ಯಾಮೆರಾ ಕಳ್ಳರಿಗಲ್ಲ.

ದೇವಸ್ಥಾನದಿಂದ ಇಮೇಲ್ ಬಂತು. ನಿನ್ನೆಯ ಮಧ್ಯಾಹ್ನದ ಪೂಜೆಯ ಸೇವಾಕರ್ತರು ಸ್ವರ್ಣಲತಾ ಮೋನಪ್ಪ ಕುಟುಂಬ, ಪೂಜೆಯನ್ನು ಮತ್ತೆ ನೋಡಲು ಇಲ್ಲಿ ಒತ್ತಿ ಎಂದು. ಕೋವಿಡ್ ಕಾಲದಲ್ಲಿ ಶುರು ಮಾಡಿದ ಲೈವ್. ಕೋವಿಡ್ ಹೋದರೂ ಲೈವ್ ಹೋಗಿಲ್ಲ ಎಂದು ನನಗೇನು ಗೊತ್ತು! ನಾನು ಹಬ್ಬಕ್ಕೆ ಬಿಟ್ಟರೆ ಬೇರೆ ದಿನ ದೇವಸ್ಥಾನಕ್ಕೆ ಹೋಗುವವಳಲ್ಲ. ಒತ್ತಿದೆ. ಈ ವೀಡಿಯೊ ಲಭ್ಯವಿಲ್ಲ ಎಂದು ಬಂತು. ಹತ್ತು ಸಲ ಒತ್ತಿದೆ.

ಭಟ್ಟರಿಗೆ ಫೋನ್ ಮಾಡಿದೆ. ಅವರಿಗೆ ತಮ್ಮ ಎದೆಯ ಮೇಲಿನ ಮೈಕು ಜನಿವಾರದ ಹಾಗೆ, ಇದೆಯೆಂಬ ನೆನಪೇ ಇರುವುದಿಲ್ಲ. ಗುಟ್ಟೆಂದು ಬಗ್ಗಿದಷ್ಟೂ ಬಾಯಿ ಮೈಕಿಗೆ ಹತ್ತಿರವಾಗಿದೆ. ಪ್ರಾರ್ಥನೆ ಮುಗಿದ ಮರುಕ್ಷಣ ರಾಜಲಕ್ಷ್ಮಿ ಅವರಿಗೆ ಫೋನ್ ಮಾಡಿ ಲೈವ್ ನಿಲ್ಲಿಸಿ ಎಂದಳಂತೆ. ಅವಳು ದಿನಾ ಊಟ ಮಾಡುತ್ತ ನೋಡುತ್ತಾಳಂತೆ. ಎಷ್ಟು ಜನ ನೋಡುತ್ತಿದ್ದರು ಎಂದು ಕೇಳಿದೆ. ಅದೆಲ್ಲ ಚಾನೆಲ್ ನೋಡಿಕೊಳ್ಳುವ ರಾಜಲಕ್ಷ್ಮಿ ಅಮ್ಮನಿಗೇ ಗೊತ್ತಾಗುವುದು ಎಂದರು.

ರಾಜಲಕ್ಷ್ಮಿಗೆ. ಪ್ರಪಂಚದಲ್ಲಿ ಏಳುನೂರು ಎಂಟುನೂರು ಕೋಟಿ ಜನ, ಅಷ್ಟರಲ್ಲಿ ರಾಜಲಕ್ಷ್ಮಿಗೆ. ಲೈವ್ ನಿಲ್ಲಿಸಿದ್ದು ಏಕೆಂದು ನನಗೆ ಅರ್ಥವಾಗುವುದಿಲ್ಲವೇ? ಸುದ್ದಿ ತಾನೇ ಹಂಚಬೇಕು, ಇನ್ನೊಬ್ಬರ ಪಾಲಾಗಬಾರದು.

ಮೇಜರಿಗೆ ಹೇಳಬೇಕು. ಹೇಳಿದರೆ ಏನಾಗುತ್ತದೆ? ಹೇಳದಿದ್ದರೆ ಏನಾಗುತ್ತದೆ? ಅವನು ನಡೆದು ಹೋಗುವ ದಾರಿಯಲ್ಲಿ ಕಾದು ಕುಳಿತಿರುತ್ತಾರೆಯೇ? ಅಥವಾ ಯಾರೂ ನೋಡಿಯೇ ಇಲ್ಲವೇ? ನಾನು ಸುಮ್ಮನೆ ಹುಚ್ಚಿಯ ಹಾಗೆ ಹೆದರುತ್ತಿದ್ದೇನೆಯೇ? ಗಡಿಯಾರ ನೋಡಿದರೆ ಅಲ್ಲಿ ಹಗಲೋ ಇಲ್ಲಿ ಹಗಲೋ ತಿಳಿಯುತ್ತಿಲ್ಲ. ಅತ್ತ ದರಿ, ಇತ್ತ ಪುಲಿ.

ಫೆಬ್ರವರಿ 15

ಹೇಳಲಿಲ್ಲ.

ಫೆಬ್ರವರಿ 16

ಮೇಜರ್ ಬಂದಿದ್ದರು. ಮೂರು ದಿನದಿಂದ ರೇಡಿಯೊದಲ್ಲಿ ಸದ್ದಿಲ್ಲ. ಬ್ಯಾಟರಿ ಉಳಿಸುತ್ತಿರಬಹುದು, ಹತ್ತಿರ ಜನರಿರಬಹುದು, ಕೆಟ್ಟದ್ದನ್ನೇ ಯೋಚಿಸಬೇಡಿ ಎಂದರು. ಮೂರು ದಿನ. ಬೆರಳು ಮಡಚಿ ಲೆಕ್ಕ ಹಾಕಿದೆ. ಹದಿಮೂರರ ಮಧ್ಯಾಹ್ನದಿಂದ.

ಹೇಳಿಬಿಟ್ಟೆ. ಇವರ ಎದುರಿಗೇ, ಅಕ್ಷಯಾಳ ಎದುರಿಗೇ. ಸಂಕಲ್ಪ ಎಂದರೇನು, ಪ್ರಾರ್ಥನೆಯಲ್ಲಿ ಯಾಕೆ ಎಲ್ಲವನ್ನೂ ಬಿಡಿಸಿ ಹೇಳಬೇಕು ಎಂದು ಇಂಗ್ಲಿಷಿನಲ್ಲಿ ವಿವರಿಸುವುದು ನನಗೆ ಆಗಲಿಲ್ಲ. ಅಕ್ಷಯಾ ವಿವರಿಸಿದಳು. ಇವಳಿಗೆ ಇಷ್ಟೆಲ್ಲ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ಮೇಜರ್ ಬರೆದುಕೊಂಡರು. ಎಷ್ಟು ಜನ, ಎಷ್ಟು ಹೊತ್ತು, ಚಾನೆಲ್ ಹೆಸರೇನು. ಹೊರಗೆ ಹೋಗಿ ನಿಂಬೆಗಿಡದ ಹತ್ತಿರ ನಿಂತು ತುಂಬಾ ಹೊತ್ತು ಫೋನಿನಲ್ಲಿ ಮಾತಾಡಿದರು. ಒಳಗೆ ಬಂದು, ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದರು. ಅನಾಹುತ ಆಗಿದೆಯೇ ಎಂದು ಕೇಳಿದೆ. ಅದು ತನಗೂ ಗೊತ್ತಾಗುವ ವಿಷಯವಲ್ಲ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮೇಜರ್ ಹೋದರು. ಇವರು ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದರು:

"ಆರು ವರ್ಷ ಒಬ್ಬರಿಗೂ ಹೇಳ್ಲಿಲ್ಲ ನೀನು. ಹೇಳ್ಬಾರ್ದು ಅಂದ ಕೂಡ್ಲೇ ಊರಿಗೆಲ್ಲ ಹೇಳಿದೆ."

ಮೂವತ್ತೆರಡು ವರ್ಷದ ಸಂಸಾರದಲ್ಲಿ ಇವರು ನನಗೆ ಹೀಗೆ ಹೇಳಿದ್ದಿಲ್ಲ. ಕೋಪ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ, ಕೋಪ ಬಂದ ಹಾಗೆ ಇರಲಿಲ್ಲ. ಅಂಗಡಿಗೆ ಹೋದರು. ಇವತ್ತು ಅಂಗಡಿಗೆ ರಜೆ.

ಫೆಬ್ರವರಿ 17

ಜನ ನಮ್ಮನ್ನು ಬಿಟ್ಟಿದ್ದಾರೆ. ಈಗ ಸ್ಪಷ್ಟವಾಯಿತು.

ವಾಟ್ಸಾಪ್ ಗುಂಪಿನಲ್ಲಿ ದಿನಾ ಎಂಬತ್ತು ತೊಂಬತ್ತು ಮೆಸೇಜು ಬರುತ್ತಿತ್ತು. ಶುಭೋದಯದ ಹೂವು, ಮಂಡಿನೋವಿನ ಮದ್ದು. ಹದಿಮೂರರ ಮಧ್ಯಾಹ್ನದ ನಂತರ ಅಲ್ಲಿ ಒಂದೂ ಇಲ್ಲ. ನನ್ನನ್ನು ಹೊರಗಿಟ್ಟು ಬೇರೆ ಗುಂಪು ಮಾಡಿಕೊಂಡಿರಬೇಕು. ಬೆಳಿಗ್ಗೆ ವೆಸ್ಟ್ ಕೊವಿನಾದ ಮಾಲ್ ಪಕ್ಕದ ಔಷಧಿ ಅಂಗಡಿಯಲ್ಲಿ ಹರಿಣಿ ಎದುರಾದಳು. ದಸರಾ ಕಾರ್ಯಕ್ರಮಕ್ಕೆ ನನ್ನ ಸೀರೆ ಕೇಳಿ ಉಡುವ ಹುಡುಗಿ, ಆಂಟಿ ಆಂಟಿ ಎಂದು ಸುತ್ತುವವಳು. ನನ್ನನ್ನು ನೋಡಿದಳು. ನೋಡಿ, ತಲೆ ತಗ್ಗಿಸಿ, ಬೇರೆ ಸಾಲಿಗೆ ಹೋದಳು. ನಾನು ಅಡಗಬೇಕೆಂದಿದ್ದೆ, ನನಗಿಂತ ಮುಂಚೆ ಅವಳೇ ಅಡಗಿದಳು. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಷ್ಟು ವರ್ಷ ಸುಳ್ಳು ಹೇಳಿದ್ದಕ್ಕೆ ಶಿಕ್ಷೆ ಇರಬಹುದು. ಅಥವಾ ಮಗ ಸತ್ತ ಮನೆ ಎಂದು ತೀರ್ಮಾನ ಮಾಡಿದ್ದಾರೋ. ಇಬ್ಬರು ಬಂದು ಒಂದು ಮಾತು ಕೇಳಿದ್ದರೆ ಅವರ ಗಂಟು ಹೋಗುತ್ತಿತ್ತೇ? ಬಂದರೆ ನಾನು ಬಾಗಿಲು ತೆರೆಯುತ್ತಿರಲಿಲ್ಲ, ಅದು ಬೇರೆ.

ಮಧ್ಯಾಹ್ನ ಬಾಗಿಲ ಮುಂದೆ ಒಂದು ಸ್ಟೀಲ್ ಡಬ್ಬಿ. ಬೆಲ್ ಮಾಡಿಲ್ಲ, ಚೀಟಿಯಿಲ್ಲ. ಒಳಗೆ ಬಿಸಿಬೇಳೆ ಬಾತ್, ಇನ್ನೂ ಬೆಚ್ಚಗಿದೆ. ಡಬ್ಬಿಯ ಕುತ್ತಿಗೆಯ ಹತ್ತಿರ, ನಮ್ಮವರು ಹೆಸರು ಕೆತ್ತಿಸುವ ಜಾಗದಲ್ಲಿ, ಬೂದಿ ಬಣ್ಣದ ದಪ್ಪ ಟೇಪು ಸುತ್ತಿದೆ. ಯಾರದೆಂದು ತಿಳಿಯಬಾರದೆಂದೇ ಸುತ್ತಿದ ಹಾಗಿದೆ. ಊಟ ಕೊಡುವವರು ಹೆಸರು ಯಾಕೆ ಮುಚ್ಚುತ್ತಾರೆ? ನಮಗೆ ಊಟ ಕೊಟ್ಟದ್ದು ನಾಚಿಕೆಯ ವಿಷಯವೇ?

ಬಿಸಿನೀರಿನಲ್ಲಿ ನೆನೆಸಿ ಉಗುರಿನಿಂದ ಬಿಡಿಸಿದೆ. ರಾ. ವೆಂ. ಎಂದಿತ್ತು.

ಫೆಬ್ರವರಿ 18

ರೇಡಿಯೊ ಸದ್ದಿಲ್ಲ. ವಿಮಾನ ಬಿದ್ದು ಒಂಬತ್ತಾಯಿತು ದಿನ.

ಡಬ್ಬಿಯನ್ನು ಮುಖಕ್ಕೆ ಎಸೆದು ಬರುತ್ತೇನೆ ಎಂದು ಹೊರಟೆ. ಪೋರ್ಟರ್ ರ್ಯಾಂಚ್ ತಲುಪುವುದಕ್ಕೆ ಒಂದೂವರೆ ಗಂಟೆ ಟ್ರಾಫಿಕ್ಕು. ದಾರಿಯಲ್ಲಿ ಹೇಳಬೇಕಾದ್ದನ್ನೆಲ್ಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದೆ. ಪಕ್ಕದ ಕಾರಿನವನು ನೋಡಿದ. ನಿನ್ನ ಬಾಯಿಯಿಂದ ನನ್ನ ಮಗ ಸಾಯುತ್ತಾನೆ ಎಂದು ಹೇಳುವುದಿತ್ತು. ಸಾಯುವುದಿದ್ದರೆ ನನ್ನ ಬಾಯಿಯಿಂದ ಎಂದು ನನಗೆ ಗೊತ್ತು. ಆದರೂ ಹೇಳುವುದಿತ್ತು.

ರಾಜಲಕ್ಷ್ಮಿ ಬಾಗಿಲು ತೆರೆದು, ಬೀದಿಯ ಎರಡೂ ಕಡೆ ನೋಡಿ, ನನ್ನ ಕೈ ಹಿಡಿದು ಒಳಗೆಳೆದುಕೊಂಡಳು. ಊಟದ ಮೇಜಿನ ಮೇಲೆ ಒಂದು ಹಾಳೆಯಿತ್ತು. ಅದರಲ್ಲಿ ನಲವತ್ತೊಂದು ಹೆಸರು, ಎದುರಿಗೆ ಫೋನ್ ನಂಬರು, ಪ್ರತಿಯೊಂದರ ಮುಂದೆ ಸರಿ ಗುರುತು.

ಅದನ್ನು ನನ್ನ ಮುಂದೆ ತಳ್ಳಿ ಹೇಳಿದಳು:

"ಅವತ್ತು ನೋಡ್ತಾ ಇದ್ದೋರು ಇಷ್ಟು ಜನ ಕಣ್ರೀ, ಲೈವ್ ಕೆಳಗೆ ಎಲ್ರೂ ಹೆಸರು ಹಾಕಿ ನಮಸ್ಕಾರ ಅಂತ ಬರೀತಾರಲ್ಲ. ಒಬ್ಬೊಬ್ರಿಗೂ ನಾನೇ ಫೋನ್ ಮಾಡ್ದೆ. ದೇವರ ದೀಪದ ಮೇಲೆ ಆಣೆ ಹಾಕಿಸ್ಕೊಂಡಿದೀನಿ. ಯಾರೂ ಮಾತಾಡೋ ಹಾಗಿಲ್ಲ, ನಿಮ್ಮನೆಗೆ ಬರೋ ಹಾಗಿಲ್ಲ, ಎದುರು ಸಿಕ್ಕಿದ್ರೂ ಅಯ್ಯೋ ಪಾಪ ಅನ್ನೋ ಹಾಗಿಲ್ಲ. ಗುಂಪಲ್ಲೂ ಏನೂ ಹಾಕ್ಬೇಡಿ ಅಂದೆ, ಯಾರಾದ್ರೂ ಮರೆತು ಕೈ ಮುಗಿಯೋ ಬೊಂಬೆ ಹಾಕ್ಬಿಟ್ರೆ?"

ಇಪ್ಪತ್ತೇಳು ಜನ ಇಲ್ಲಿಯವರು. ಹದಿನಾಲ್ಕು ಜನ ಬೆಂಗಳೂರು, ಮೈಸೂರಿನ ಅಜ್ಜಿ ತಾತಂದಿರು, ಅಲ್ಲಿ ನಡುರಾತ್ರಿಯಾದರೂ ನಿದ್ದೆ ಬಾರದೆ ಲೈವ್ ನೋಡುವವರು. ಅವರನ್ನು ಹುಡುಕುವುದಕ್ಕೆ ಎರಡು ದಿನವಾಯಿತಂತೆ. ಒಬ್ಬ ತಾತನಿಗೆ ಕಿವಿ ಕೇಳಿಸದು, ಅವರಿಗೆ ಏನೂ ಕೇಳಿಸಿರಲಿಲ್ಲ, ಅವರಿಗೂ ಆಣೆ ಹಾಕಿಸಿದ್ದಾಳೆ. ಡಬ್ಬಿಯ ಹೆಸರಿಗೆ ಟೇಪು ಹಾಕಿದ್ದು ವೆಂಕಟಾಚಲ ಅವರ ಐಡಿಯಾ ಅಂತೆ. ನಿಮ್ಮ ಮನೆಯ ಮೇಲೆ ಯಾರಾದರೂ ಕಣ್ಣಿಟ್ಟಿದ್ದರೆ ಎಂದು.

ನಾನು ಹೇಳಬೇಕೆಂದು ಅಭ್ಯಾಸ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. ಮಗ ಕಂಪನಿಯಲ್ಲಿದ್ದಾನೆ ಎಂದು ಹೇಳಿದ್ದು ಸುಳ್ಳು ಎಂದೆ. ಏನಾದರೂ ಹೇಳಬೇಕಿತ್ತು, ಅದು ಬಂತು.

"ಗೊತ್ತು," ಎಂದಳು. "ಗೃಹಪ್ರವೇಶದ ದಿನ ಮೇಲಿನ ಕಿಟಕಿಯಿಂದ ನೋಡ್ದೆ. ಮರದ ಕೆಳಗೆ, ಕಾರಲ್ಲಿ, ಪಾಪ, ಆ ಹುಡುಗ ಬಗ್ಗಿ ಬಗ್ಗಿ ಬಟ್ಟೆ ಬದಲಾಯಿಸ್ತಿದ್ದ. ನೀವೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ."

ಎರಡು ವರ್ಷ. ಆ ಬಾಯಿ ಎರಡು ವರ್ಷ ಮುಚ್ಚಿಕೊಂಡಿತ್ತು. ಮಿಲಿಟರಿಯ ಬಗ್ಗೆ ಹಿಂದೆ ನೀವು ಹಾಗೆ ಹೇಳಿದ್ದಿರಲ್ಲ ಎಂದು ಕೇಳಿದೆ. ಅವಳಿಗೆ ನೆನಪೇ ಇಲ್ಲ. ಹೇಳಿದ್ದರೂ ಹೇಳಿರಬಹುದು, ನನ್ನ ಬಾಯಿ ನಿಮಗೆ ಗೊತ್ತಲ್ಲ ಎಂದಳು. ನಾನು ಅವಳ ಸೋಫಾದ ಮೇಲೆ ಬಿದ್ದು ಅತ್ತೆ. ಅವಳು ಕಾಫಿ ಮಾಡುವುದಕ್ಕೆ ಹೋದಳು.

ಡಬ್ಬಿ ಕಾರಿನಲ್ಲೇ ಉಳಿಯಿತು. ಖಾಲಿ ಡಬ್ಬಿ ಹೇಗೂ ವಾಪಸು ಕೊಡುವ ಹಾಗಿಲ್ಲ.

ಫೆಬ್ರವರಿ 19

ಸಿಕ್ಕಿದ. ನಮ್ಮವರಿಗೆ. ಹಡಗಿನಲ್ಲಿದ್ದಾನೆ. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಮೇಜರ್ ಫೋನು. ಅವರೂ ಅಳುತ್ತಿದ್ದರು, ಸೈನಿಕರು ಅಳಬಹುದೋ ಇಲ್ಲವೋ. ಇವರು ಗಡಿಯಾರವನ್ನು ಗೋಡೆಯಿಂದ ಇಳಿಸಿ ಸರಿ ಮಾಡಿದರು. ಆಮೇಲೆ ಅದನ್ನು ಕೈಯಲ್ಲೇ ಹಿಡಿದುಕೊಂಡು ಮನೆಯೆಲ್ಲ ತಿರುಗಿದರು.

ಇನ್ನೂ ಯಾರಿಗೂ ಹೇಳಬಾರದಂತೆ. ರಾಜಲಕ್ಷ್ಮಿಗೆ ಬಿಸಿಬೇಳೆ ಬಾತ್ ಚೆನ್ನಾಗಿತ್ತು ಎಂದು ಮಾತ್ರ ಮೆಸೇಜ್ ಹಾಕಿದೆ. ಒಂದು ನಿಮಿಷ ಬಿಟ್ಟು ಗುಂಪಿನಲ್ಲಿ ಶುಭೋದಯದ ಹೂವು ಬಂತು. ಆಮೇಲೆ ಇನ್ನೊಂದು. ಮಧ್ಯಾಹ್ನದೊಳಗೆ ನಲವತ್ತು ಹೂವು.

ಮಾರ್ಚ್ 3

ಸ್ಯಾನ್ ಡಿಯಾಗೋ, ಆಸ್ಪತ್ರೆ. ಕಾಲಿಗೆ ಪಟ್ಟಿ. ಗಡ್ಡ ಬಿಟ್ಟಿದ್ದಾನೆ, ಕೆನ್ನೆ ಒಳಗೆ ಹೋಗಿದೆ. ನಾನು ತಂದ ಸಾರು ಅನ್ನ ತಿಂದ. ಕರಿಬೇವನ್ನೂ ತಿಂದ. ಅದನ್ನು ನೋಡಲು ನನಗೆ ಆಗಲಿಲ್ಲ, ಕಿಟಕಿಯ ಹತ್ತಿರ ಹೋಗಿ ನಿಂತೆ.

ಹೇಳಬಹುದಾದಷ್ಟು ಹೇಳಿದ. ರೇಡಿಯೊ ಆಫ್ ಮಾಡಿದ್ದು ಏಕೆಂದರೆ ಹತ್ತು ಗಜ ದೂರದಲ್ಲಿ ಕುರಿ ಕಾಯುವವರು ಡೇರೆ ಹಾಕಿದ್ದರಂತೆ, ಐದು ದಿನ ಕದಲಲಿಲ್ಲವಂತೆ. ಅವರಿಗೆ ಅವನು ಕಂಡನೋ ಇಲ್ಲವೋ ಅವನಿಗೂ ಗೊತ್ತಿಲ್ಲ. ಒಂದು ಬೆಳಿಗ್ಗೆ ಅವನಿದ್ದ ಪೊದೆಯ ಹತ್ತಿರ ರೊಟ್ಟಿಯ ಚೂರು ಇತ್ತಂತೆ. ನಾಯಿಗೆ ಹಾಕಿದ್ದೋ, ಇವನಿಗೆ ಇಟ್ಟದ್ದೋ ಯಾರಿಗೆ ಗೊತ್ತು. ನನ್ನ ಪೂಜೆಯ ವಿಷಯ ಹೇಳಿದೆ. ಅದರಿಂದ ಏನಾದರೂ ಆಯಿತೇ ಎಂದು ಕೇಳಿದೆ. ಅವನು ನಲವತ್ತೊಂದು ಜನವಾ ಎಂದು ಮಾತ್ರ ಕೇಳಿದ.

ಮೊದಲ ದಿನವೇ ಒಣಹಾಕಿದ್ದ ಯಾರದೋ ಅಂಗಿ ಎತ್ತಿ, ಯೂನಿಫಾರ್ಮಿನ ಮೇಲೆ ಹಾಕಿಕೊಂಡನಂತೆ. ಪೊದೆಯೊಳಗೆ ಬಗ್ಗಿ, ಕಾಲು ನೋಯಿಸಿಕೊಂಡು. ಎದ್ದು ನಿಲ್ಲದೆ ಬಟ್ಟೆ ಬದಲಿಸುವುದು ಹೇಗೆಂದು ತರಬೇತಿಯಲ್ಲಿ ಕಲಿಸುವುದಿಲ್ಲವಂತೆ.

"ಅದು ನನಗೆ ಮೊದಲೇ ಬರ್ತಿತ್ತಲ್ಲ ಅಮ್ಮ," ಎಂದು ನಕ್ಕ.

ಅವನು ನೋಯಿಸಲು ಹೇಳಿದ್ದಲ್ಲ. ನಾನು ಬಟ್ಟಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ, ಬಟ್ಟಲು ಮೂರು ಸಲ ತೊಳೆದೆ.

ಮಾರ್ಚ್ 28

ಬೆಳಿಗ್ಗೆಯಿಂದ ಗಡಿಬಿಡಿ. ಬೇಸ್‌ನಲ್ಲಿ ಹತ್ತಕ್ಕೆ ಸಮಾರಂಭ, ಚಿಕ್ಕದು. ಅಕ್ಷತನ ಎದೆಗೆ ಏನೋ ಪದಕ ಚುಚ್ಚಿದರು. ಇವರು ಅಳಬಾರದೆಂದು ಮೇಲೆ ಬಾವುಟ ನೋಡುತ್ತಿದ್ದರು. ಇನ್ನು ಹೇಳಬಹುದು ಎಂದು ಮೇಜರ್ ನನ್ನ ಹತ್ತಿರ ಬಂದು ಹೇಳಿದರು. ಹೇಳಬಹುದು ಎಂದ ಮೇಲೆ ಯಾರಿಗೆ ಏನು ಹೇಳುವುದು ಎಂದೇ ತೋಚಲಿಲ್ಲ. ಗೊತ್ತಾಗಬೇಕಾದವರಿಗೆಲ್ಲ ಗೊತ್ತಿದೆ.

ಅಲ್ಲಿಂದ ನೇರ ಪೋರ್ಟರ್ ರ್ಯಾಂಚಿಗೆ. ರಾಜಲಕ್ಷ್ಮಿ ಊಟಕ್ಕೆ ಕರೆದಿದ್ದಳು, ನಲವತ್ತೊಂದರಲ್ಲಿ ಇಲ್ಲಿರುವ ಇಪ್ಪತ್ತೇಳೂ ಜನರನ್ನು. ಅವಳ ಡಬ್ಬಿಯಲ್ಲಿ ನೀರುದೋಸೆ ತುಂಬಿಸೋಣವೆಂದರೆ ಒಣಗುತ್ತದೆ. ಕೊನೆಗೆ ಗೋಳಿಬಜೆ ಮಾಡಿದೆ. ಅದೂ ಮೂರು ಗಂಟೆಯ ದಾರಿಯಲ್ಲಿ ಮೆತ್ತಗಾಯಿತು. ಟೇಪಿನ ಅಂಟು ಇನ್ನೂ ಸ್ವಲ್ಪ ಉಳಿದಿತ್ತು, ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಿರಲಿಲ್ಲ. ಬೇರೆ ಡಬ್ಬಿಯಲ್ಲಿ ತಂದಿದ್ದರೆ ಆಗುತ್ತಿತ್ತು, ಆದರೆ ಅವಳದ್ದನ್ನು ಇನ್ನೆಷ್ಟು ದಿನ ಇಟ್ಟುಕೊಳ್ಳುವುದು.

ಬೀದಿಯ ತಿರುವಿನಲ್ಲಿ ಆ ಮರ ಬಂತು. ಇವರು ಕಾರು ನಿಧಾನ ಮಾಡಿದರು, ಯಾಕೋ. ಹಿಂದಿನ ಸೀಟಿನಲ್ಲಿ ಅಕ್ಷತ್ ಬ್ಯಾಗಿನ ಜಿಪ್ ಎಳೆದ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಮಡಚಿದ ಟೀ ಶರ್ಟೊಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಯೂನಿಫಾರ್ಮಿನ ಕೊರಳ ಗುಂಡಿಗೆ ಕೈ ಹಾಕಿದ್ದಾನೆ. ಅಕ್ಷಯಾ ನನ್ನ ಮುಖ ನೋಡುತ್ತಿದ್ದಳು.

ಹೊತ್ತಾಯಿತು, ಹಾಗೇ ಬಾ ಎಂದೆ.

ಹೊತ್ತೇನೂ ಆಗಿರಲಿಲ್ಲ. ಇನ್ನೂ ಅರ್ಧ ಗಂಟೆ ಇತ್ತು.